ಹೋಟೆಲಿನ ಕಸವನ್ನು ತೂಗಿ ಲೆಕ್ಕವಿಡುವ ಕ್ರಮ

ಉಡುಪಿ, ಮಂಗಳೂರು ಕಡೆಯ ಹೋಟೆಲುಗಳಲ್ಲಿ ಎಷ್ಟು ಚೀಲ ಅಕ್ಕಿ ಬಂತು, ಎಷ್ಟು ತೆಂಗಿನಕಾಯಿ ಒಡೆಯಲಾಯಿತು, ಎಷ್ಟು ಸಿಲಿಂಡರ್ ಖಾಲಿಯಾಯಿತು ಎಂಬುದಕ್ಕೆಲ್ಲ ಪುಸ್ತಕವಿರುತ್ತದೆ. ಅದೇ ಹೋಟೆಲಿನ ಹಿಂಬಾಗಿಲಿನಿಂದ ರಾತ್ರಿ ಹೊರಗೆ ಹೋಗುವ ಡ್ರಮ್ಮುಗಳಲ್ಲಿ ಏನಿತ್ತು, ಎಷ್ಟಿತ್ತು ಎಂದು ಕೇಳಿದರೆ ‘ಎರಡು ಡ್ರಮ್ಮು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ. ಆ ಡ್ರಮ್ಮಿನಲ್ಲಿರುವುದು ಹಣ ಕೊಟ್ಟು ತಂದು, ತೊಳೆದು, ಹೆಚ್ಚಿ, ಗ್ಯಾಸ್ ಉರಿಸಿ ಬೇಯಿಸಿದ ಪದಾರ್ಥ. ಅದರ ಲೆಕ್ಕ ತೆಗೆಯುವುದನ್ನೇ ವೇಸ್ಟ್ ಆಡಿಟ್ ಅಥವಾ ತ್ಯಾಜ್ಯ ಪರಿಶೋಧನೆ ಎನ್ನುತ್ತಾರೆ. ಇದಕ್ಕೆ ಹೊರಗಿನ ತಜ್ಞರು ಬೇಕೇ ಬೇಕೆಂದಿಲ್ಲ. ಒಂದು ತಕ್ಕಡಿ, ಒಂದು ಪುಸ್ತಕ, ಒಂದು ವಾರದ ಶ್ರದ್ಧೆ ಇದ್ದರೆ ಮಧ್ಯಮ ಗಾತ್ರದ ಯಾವ ಹೋಟೆಲೂ ಇದನ್ನು ತಾನೇ ಮಾಡಿಕೊಳ್ಳಬಹುದು.

ನಾವು ಹೊರಗೆ ಕಳುಹಿಸಿದ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈ ಜಿಲ್ಲೆಗಳವರು ಮರೆಯುವಂತಿಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಅದರಡಿ ಹೂತುಹೋದವು, ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಆ ರಾಶಿಯಲ್ಲಿ ನಗರದ ಎಲ್ಲರ ಪಾಲೂ ಇತ್ತು. ಹೋಟೆಲುಗಳ ಪಾಲೂ ಇತ್ತು. ಕಸದ ಲೆಕ್ಕ ಇಡುವುದನ್ನು ಉಳಿತಾಯದ ಉಪಾಯವೆಂದಷ್ಟೇ ಕಾಣುವವರಿಗೆ ಅದರಿಂದ ಉಳಿತಾಯ ಖಂಡಿತ ಆಗುತ್ತದೆ. ಆದರೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಮಂದಾರದ ಆ ತೋಟಗಳು.

ಎಲ್ಲಿ ತೂಗಬೇಕು

ಮೊದಲ ಸಲ ನಮ್ಮ ಹೋಟೆಲಿನಲ್ಲಿ ಲೆಕ್ಕ ತೆಗೆದಾಗ ನಾನು ತಕ್ಕಡಿಯನ್ನು ಹಿಂಬದಿಯ ಗೇಟಿನ ಬಳಿ ಇಟ್ಟೆ. ಹೊರಗೆ ಹೋಗುವ ಪ್ರತಿ ಡ್ರಮ್ಮನ್ನೂ ತೂಗಿ ಬರೆದೆವು. ಏಳು ದಿನ ಕಳೆದ ಮೇಲೆ ನಮ್ಮ ಬಳಿ ಏಳು ಅಂಕಿಗಳಿದ್ದವು, ಆದರೆ ಆ ಅಂಕಿಗಳನ್ನು ಹಿಡಿದು ನಾಳೆ ಏನನ್ನು ಬದಲಿಸಬೇಕು ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಬಸಳೆ ದಂಟಿನ ಸಿಪ್ಪೆ, ಊಟದೆಲೆಯಲ್ಲಿ ಉಳಿದ ಅನ್ನ, ಹುಳಿ ಬಂದ ದೋಸೆ ಹಿಟ್ಟು, ಮಧ್ಯಾಹ್ನ ಕೆಟ್ಟ ಚಟ್ನಿ ಎಲ್ಲವೂ ಒಂದೇ ಡ್ರಮ್ಮಿನಲ್ಲಿ ಕಲಸಿಹೋಗಿದ್ದವು. ಇವುಗಳ ಕಾರಣ ಬೇರೆ, ಹೊಣೆ ಬೇರೆ, ಪರಿಹಾರವೂ ಬೇರೆ. ಆದುದರಿಂದ ಈ ಇಡೀ ಕೆಲಸದಲ್ಲಿ ಮುಖ್ಯವೆಂದು ನಾನು ನಂಬಿರುವ ಮಾತನ್ನು ಆರಂಭದಲ್ಲಿಯೇ ಹೇಳುತ್ತೇನೆ: ಕಸವನ್ನು ಅದು ಹುಟ್ಟುವ ಜಾಗದಲ್ಲಿ, ಹುಟ್ಟಿದ ಹೊತ್ತಿನಲ್ಲಿ ತೂಗಬೇಕು. ಗೇಟಿನ ತೂಕ ಕೊನೆಗೆ ತಾಳೆ ನೋಡುವುದಕ್ಕೆ ಮಾತ್ರ.

ಹುಟ್ಟುವ ಜಾಗಗಳನ್ನು ಗುರುತಿಸಲು ತೂಕಕ್ಕೆ ಮುಂಚೆ ಒಂದು ಪೂರ್ತಿ ದಿನವನ್ನು ಸುಮ್ಮನೆ ನೋಡುವುದಕ್ಕೆ ಮೀಸಲಿಡಬೇಕು. ಬೆಳಿಗ್ಗೆ ತರಕಾರಿ ಇಳಿಸುವ ಹೊತ್ತಿನಿಂದ ರಾತ್ರಿ ಒಲೆ ಆರಿಸುವವರೆಗೆ, ಸಾಮಾನು ಒಳಬರುವ ಬಾಗಿಲು, ಉಗ್ರಾಣ, ತರಕಾರಿ ಹೆಚ್ಚುವ ಮೂಲೆ, ರುಬ್ಬುವ ಜಾಗ, ಒಲೆಗಳು, ಬಡಿಸುವ ಕೌಂಟರ್, ಊಟದ ಹಾಲ್, ಪಾರ್ಸೆಲ್ ಕಟ್ಟುವ ಮೇಜು, ಪಾತ್ರೆ ತೊಳೆಯುವ ತೊಟ್ಟಿ ಇವುಗಳನ್ನೆಲ್ಲ ಒಂದು ಹಾಳೆಯ ಮೇಲೆ ಗೀಚಿಕೊಂಡು, ಎಲ್ಲೆಲ್ಲಿ ಏನು ಬುಟ್ಟಿಗೆ ಬೀಳುತ್ತದೆ ಎಂದು ಗುರುತು ಹಾಕುತ್ತ ಹೋಗಬೇಕು. ಆ ದಿನ ಕೆಲಸದವರೊಡನೆ ಮಾತಾಡುವುದು ಬಹಳ ಅಗತ್ಯ. ಯಾವ ಪಲ್ಯ ಎಲೆಯಲ್ಲಿ ಹಾಗೆಯೇ ಉಳಿಯುತ್ತದೆ ಎಂಬುದು ಮೇಜು ಒರೆಸುವ ಹುಡುಗನಿಗೆ ಗೊತ್ತಿರುವಷ್ಟು ಮಾಲೀಕರಿಗೆ ಗೊತ್ತಿರುವುದಿಲ್ಲ. ಹಿಟ್ಟು ಯಾವ ದಿನ ಹೆಚ್ಚು ಉಳಿಯುತ್ತದೆ ಎಂದು ಅಡುಗೆ ಭಟ್ಟರನ್ನು ಕೇಳಿದರೆ ವಾರದ ದಿನವನ್ನೇ ಹೇಳುತ್ತಾರೆ.

ಇದರೊಂದಿಗೆ ಇನ್ನೊಂದು ಮಾತನ್ನೂ ಅವರಿಗೆ ಸ್ಪಷ್ಟವಾಗಿ ಹೇಳಿರಬೇಕು. ಈ ಲೆಕ್ಕವನ್ನು ಯಾರ ಸಂಬಳಕ್ಕೂ, ಯಾರ ತಪ್ಪಿಗೂ ಜೋಡಿಸುವುದಿಲ್ಲ ಎಂದು ಮಾಲೀಕರೇ ಎಲ್ಲರೆದುರು ಹೇಳದಿದ್ದರೆ, ಉಳಿದ ಸಾಂಬಾರು ತಕ್ಕಡಿಗೆ ಬರುವ ಮೊದಲೇ ಮೋರಿಗೆ ಹೋಗುತ್ತದೆ. ಬೈಗುಳದ ಭಯವಿರುವಲ್ಲಿ ಕಸ ಕಾಣೆಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಯಾವ ವಾರ, ಯಾವ ಸಲಕರಣೆ

ತೂಕಕ್ಕೆ ಏಳು ದಿನ ಎಡೆಬಿಡದೆ ತೆಗೆದುಕೊಳ್ಳುವುದು ಒಳ್ಳೆಯದು. ಭಾನುವಾರದ ವ್ಯಾಪಾರ ಮಂಗಳವಾರದಂತಿರುವುದಿಲ್ಲ, ಆದ್ದರಿಂದ ಮೂರು ದಿನಗಳ ಲೆಕ್ಕ ತಪ್ಪು ದಾರಿಗೆ ಎಳೆಯಬಹುದು. ಉಡುಪಿಯಲ್ಲಿ ಕೃಷ್ಣಾಷ್ಟಮಿ, ಅದರ ಮರುದಿನದ ವಿಟ್ಲಪಿಂಡಿ ಉತ್ಸವದ ದಿನಗಳನ್ನು, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಪರ್ಯಾಯದ ಆಸುಪಾಸನ್ನು, ಮಂಗಳೂರಿನಲ್ಲಿ ದಸರೆಯ ವಾರವನ್ನು ಮೊದಲ ಲೆಕ್ಕಕ್ಕೆ ಆರಿಸಿಕೊಳ್ಳಬಾರದು. ಹಬ್ಬದ ದಿನಗಳಿಗೆ ಬೇಕಾದರೆ ಬೇರೆಯೇ ಲೆಕ್ಕ ಇಡಬಹುದು. ಮಳೆಗಾಲಕ್ಕೂ ಬೇಸಿಗೆಗೂ ಒಂದೊಂದು ಸುತ್ತು ಬೇಕು. ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮುಚ್ಚಳವಿಲ್ಲದೆ ಹೊರಗಿಟ್ಟ ಬುಟ್ಟಿಯ ಅರ್ಧ ತೂಕ ನೀರಿನದೇ ಆಗಿರಬಹುದು. ನೆನೆದ ರಟ್ಟಿಗೆ ಗುಜರಿಯವರು ಬೆಲೆಯನ್ನೂ ಕೊಡುವುದಿಲ್ಲ. ತೂಗುವ ಜಾಗಕ್ಕೆ ಸೂರು ಇರಲೇಬೇಕು.

ಸಲಕರಣೆಗಳು ಹೆಚ್ಚೇನಿಲ್ಲ. 100 ಕಿಲೋವರೆಗೆ ತೂಗುವ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಕಾಫಿ ಚರಟದಂತಹ ಸಣ್ಣ ವಸ್ತುಗಳಿಗೆ ಅಡುಗೆಮನೆಯ ಪುಟ್ಟ ತಕ್ಕಡಿ, ಒಂದೇ ಗಾತ್ರದ ಮುಚ್ಚಳವಿರುವ ಬಕೆಟ್ಟುಗಳು, ಹರಡಿ ನೋಡಲು ಒಂದು ಟಾರ್ಪಾಲು, ದಪ್ಪ ರಬ್ಬರ್ ಕೈಗವಸು, ಮಾಸ್ಕ್, ಏಪ್ರನ್, ಬೂಟು, ಉದ್ದನೆಯ ಇಕ್ಕಳ ಇದ್ದರೆ ಸಾಕು. ಪ್ರತಿ ಬಕೆಟ್ಟಿನ ಖಾಲಿ ತೂಕವನ್ನು ಅದರ ಹೊರಮೈಯಲ್ಲಿಯೇ ಪೇಂಟಿನಿಂದ ಬರೆದಿಡಬೇಕು, ಇಲ್ಲದಿದ್ದರೆ ಮೂರನೆಯ ದಿನ ಅದನ್ನು ಕಳೆಯಲು ಮರೆಯುವುದು ನಿಶ್ಚಿತ. ನಮ್ಮ ಹೋಟೆಲುಗಳಲ್ಲಿ ಈಗ ತುಳು, ಕನ್ನಡ ಎರಡೂ ಬಾರದ, ದೂರದ ರಾಜ್ಯಗಳಿಂದ ಬಂದ ಕೆಲಸದವರು ಅನೇಕರಿದ್ದಾರೆ. ಆದುದರಿಂದ ಬಕೆಟ್ಟುಗಳಿಗೆ ಬಣ್ಣ ಹಚ್ಚಿ, ಅದರಲ್ಲಿ ಬೀಳಬೇಕಾದ ವಸ್ತುವಿನ ಫೋಟೋವನ್ನೇ ಅಂಟಿಸುವುದು ಅಕ್ಷರದ ಚೀಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಸ ಹರಡಿ ವಿಂಗಡಿಸುವವರಿಗೆ ಧನುರ್ವಾಯು ತಡೆಯುವ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸಬೇಕು. ಲಾಡ್ಜ್ ಕೂಡ ಇರುವಲ್ಲಿ ಕೋಣೆಗಳಿಂದ ಬಂದ ನೈರ್ಮಲ್ಯ ತ್ಯಾಜ್ಯದ (ಸ್ಯಾನಿಟರಿ ಪ್ಯಾಡ್, ಡಯಾಪರ್ ಮುಂತಾದವುಗಳ) ಚೀಲವನ್ನು ಬಿಚ್ಚದೆ ಹಾಗೆಯೇ ತೂಗಬೇಕು.

ಬಕೆಟ್ಟುಗಳ ವಿಂಗಡಣೆ

ಹಸಿ ಕಸ, ಒಣ ಕಸ ಎಂಬ ವಿಂಗಡಣೆ ನಗರಸಭೆಯ ಗಾಡಿಗೆ ಸಾಕು. ಕಸ ಕಡಿಮೆ ಮಾಡಬೇಕೆನ್ನುವವರಿಗೆ ಅದು ಸಾಲದು. ಆಹಾರದ ಕಸವನ್ನು ಕನಿಷ್ಠ ನಾಲ್ಕು ಪಾಲು ಮಾಡಬೇಕು.

ಮೊದಲನೆಯದು ಉಗ್ರಾಣದಲ್ಲಿ ಅಥವಾ ಫ್ರಿಜ್ಜಿನಲ್ಲಿ ಬಳಸುವ ಮೊದಲೇ ಕೊಳೆತದ್ದು. ಇದು ಖರೀದಿಯ ತಪ್ಪು. ಎರಡನೆಯದು ಹೆಚ್ಚುವಾಗ, ಸುಲಿಯುವಾಗ ಬಂದ ಸಿಪ್ಪೆ, ತೊಟ್ಟು, ಬೀಜ. ಸುವರ್ಣಗಡ್ಡೆಯಲ್ಲಿ, ಗುಜ್ಜೆಯಲ್ಲಿ (ಎಳೆ ಹಲಸಿನಕಾಯಿಯಲ್ಲಿ) ಇದು ಸಹಜವಾಗಿಯೇ ಹೆಚ್ಚು. ಗುಜ್ಜೆಯ ಕಾಲದಲ್ಲಿ ತೂಗಿದವರು ಬಕೆಟ್ಟು ನೋಡಿ ಗಾಬರಿಯಾಗಬೇಕಾಗಿಲ್ಲ. ಮೂರನೆಯದು ಬೇಯಿಸಿದ ಅಥವಾ ರುಬ್ಬಿದ ಮೇಲೆ ಗಿರಾಕಿಯ ಬಳಿಗೇ ಹೋಗದೆ ಉಳಿದದ್ದು: ರಾತ್ರಿ ಉಳಿದ ಅನ್ನ, ಸಾಂಬಾರು, ಹಿಟ್ಟು, ಗೋಲಿಬಜೆಯ ಕೊನೆಯ ತಟ್ಟೆ. ನಾಲ್ಕನೆಯದು ಬಡಿಸಿದ ಮೇಲೆ ಎಲೆಯಲ್ಲಿ, ತಟ್ಟೆಯಲ್ಲಿ ಉಳಿದದ್ದು. ಮೂರಕ್ಕೂ ನಾಲ್ಕಕ್ಕೂ ಇರುವ ಗೆರೆಯನ್ನು ಯಾವ ಕಾರಣಕ್ಕೂ ಅಳಿಸಬಾರದು. ಮೂರನೆಯದು ಎಷ್ಟು ಬೇಯಿಸಬೇಕು ಎಂಬ ಅಂದಾಜಿನಿಂದ ಹುಟ್ಟುತ್ತದೆ, ನಾಲ್ಕನೆಯದು ಎಷ್ಟು ಬಡಿಸಬೇಕು ಎಂಬುದರಿಂದ ಹುಟ್ಟುತ್ತದೆ. ಇವೆರಡನ್ನೂ ಕಲಸಿದರೆ ಭಟ್ಟರು ಬಡಿಸುವ ಸಪ್ಲಾಯರನ್ನೂ, ಸಪ್ಲಾಯರ್ ಭಟ್ಟರನ್ನೂ ತೋರಿಸುತ್ತ ಕೂರುತ್ತಾರೆ.

ಬಾಳೆಎಲೆಯಲ್ಲಿ ಊಟ ಹಾಕುವಲ್ಲಿ ಎಲೆಯ ಮೇಲಿನ ಆಹಾರವನ್ನು ಒಂದು ಬಕೆಟ್ಟಿಗೆ ಸರಿಸಿ ಎಲೆಯನ್ನು ಬೇರೆ ಹಾಕುವ ಅಭ್ಯಾಸವನ್ನು ಆ ಒಂದು ವಾರ ಮಾಡಲೇಬೇಕು. ಎಲೆಯ ತೂಕ ಅನ್ನದ ತೂಕದೊಡನೆ ಸೇರಿದರೆ ನಾಲ್ಕನೆಯ ಪಾಲಿನ ಅಂಕಿ ಅರ್ಥ ಕಳೆದುಕೊಳ್ಳುತ್ತದೆ.

ಒಣ ಕಸದಲ್ಲಿ ಹಾಲಿನ ತೊಟ್ಟೆ (ಪ್ಯಾಕೆಟ್), ಎಣ್ಣೆಯ ಡಬ್ಬ, ರಟ್ಟು, ನೀರಿನ ಬಾಟಲಿ, ಪಾರ್ಸೆಲ್ ಸಾಮಗ್ರಿ, ಟಿಶ್ಯೂ ಹೀಗೆ ಬೇರ್ಪಡಿಸಿದರೆ ಸಾಕು. ಕಾಗದದ ಲೋಟವನ್ನು ಕಾಗದದೊಂದಿಗೆ ಸೇರಿಸಬಾರದು, ಏಕೆಂದರೆ ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. ಗೆರಟೆಗೆ, ಬೊಂಡದ (ಎಳನೀರಿನ) ಚಿಪ್ಪಿಗೆ ಪ್ರತ್ಯೇಕ ಜಾಗ ಬೇಕು. ಗೆರಟೆಗೆ ಕೊಳ್ಳುವವರಿದ್ದಾರೆ, ಬೊಂಡದ ಚಿಪ್ಪು ಬೇಗ ಕೊಳೆಯುವುದಿಲ್ಲ, ಹೊರಲು ಭಾರ, ಮಳೆನೀರು ನಿಂತರೆ ಸೊಳ್ಳೆಗೆ ಮನೆ.

ದಿನಕ್ಕೆ ಮೂರು ಬಾರಿ, ಬೆಳಗಿನ ತಿಂಡಿ ಮುಗಿದ ಮೇಲೆ, ಮಧ್ಯಾಹ್ನದ ಊಟದ ನಂತರ ಮತ್ತು ರಾತ್ರಿ ಬಾಗಿಲು ಹಾಕುವಾಗ ತೂಗಬೇಕು. ಪ್ರತಿ ತೂಕದೊಂದಿಗೆ ಆ ಹೊತ್ತಿನ ಬಿಲ್ಲುಗಳ ಅಥವಾ ಊಟಗಳ ಸಂಖ್ಯೆಯನ್ನು ಬರೆಯಲೇಬೇಕು. ಎಲೆಯಲ್ಲಿ ಉಳಿದದ್ದು 18 ಕಿಲೋ ಎಂಬುದರಿಂದ ಏನೂ ತಿಳಿಯುವುದಿಲ್ಲ. 300 ಊಟಕ್ಕೆ 18 ಕಿಲೋ ಆದರೆ ಊಟಕ್ಕೆ 60 ಗ್ರಾಂ, ಅದೇ 18 ಕಿಲೋ 150 ಊಟಕ್ಕಾದರೆ 120 ಗ್ರಾಂ. ವ್ಯಾಪಾರ ಏರಿಳಿದರೂ ತಿಂಗಳಿಂದ ತಿಂಗಳಿಗೆ ಹೋಲಿಸಲು ಬರುವುದು ಈ ಊಟವೊಂದರ ಗ್ರಾಂ ಲೆಕ್ಕವೇ. ಬಕೆಟ್ಟಿನ ಮೇಲಿನ ನೋಟವನ್ನು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಅನುಮಾನ ಬಂದಾಗ ತಿರುಗಿ ನೋಡಬಹುದು.

ಕಸ ತುಂಬ ಹೆಚ್ಚಿರುವ ಕಡೆ, ಉದಾಹರಣೆಗೆ ದೊಡ್ಡ ಕ್ಯಾಂಟೀನುಗಳಲ್ಲಿ, ಎಲ್ಲವನ್ನೂ ವಿಂಗಡಿಸಲು ಆಗುವುದಿಲ್ಲ. ಆಗ ಒಟ್ಟು ತೂಕ ಬರೆದುಕೊಂಡು, ರಾಶಿಯನ್ನು ಟಾರ್ಪಾಲಿನ ಮೇಲೆ ಚೆನ್ನಾಗಿ ಕಲಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುತ್ತ ವಿಂಗಡಿಸಬಲ್ಲಷ್ಟಕ್ಕೆ ಇಳಿಸಿಕೊಳ್ಳಬೇಕು.

ತಕ್ಕಡಿಗೆ ಬಾರದ ಕಸ

ಹೋಟೆಲಿನ ಲೆಕ್ಕದಲ್ಲಿ ದೊಡ್ಡ ಕಳ್ಳದಾರಿ ಪಾತ್ರೆ ತೊಳೆಯುವ ತೊಟ್ಟಿ. ಉಳಿದ ಸಾಂಬಾರು, ಮಜ್ಜಿಗೆ, ಹಿಟ್ಟು, ಚಟ್ನಿ, ಪಾಯಸ ಎಲ್ಲವೂ ನೀರಿನೊಂದಿಗೆ ಹರಿದುಹೋಗುತ್ತವೆ. ಕೊನೆಗೆ ಮೋರಿ ಕಟ್ಟಿದಾಗ ಮಾತ್ರ ಅವುಗಳ ನೆನಪಾಗುತ್ತದೆ. ಲೆಕ್ಕದ ವಾರದಲ್ಲಿ ತೊಟ್ಟಿಯ ಪಕ್ಕದಲ್ಲಿ ದ್ರವಕ್ಕೆಂದೇ ಗೆರೆ ಹಾಕಿದ ಒಂದು ಬಕೆಟ್ ಇಟ್ಟು, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಮೊದಲು ಅದಕ್ಕೆ ಸುರಿಯಬೇಕು. ತೊಟ್ಟಿಯ ಬಾಯಿಗೆ ಜಾಲರಿ ಹಾಕಿ, ಅದರಲ್ಲಿ ನಿಂತದ್ದನ್ನೂ ತೂಗಬೇಕು.

ಎರಡನೆಯ ದಾರಿ ಕರಿದ ಎಣ್ಣೆಯದು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳ (ಎಣ್ಣೆ ಕೆಡುತ್ತ ಹೋದಂತೆ ಅದರಲ್ಲಿ ಹುಟ್ಟುವ ವಸ್ತುಗಳ) ಒಟ್ಟು ಪ್ರಮಾಣ ಶೇ 25ನ್ನು ಮೀರಬಾರದು ಎಂಬ ಮಿತಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರ ಜುಲೈ 1ರಿಂದ ಜಾರಿಗೆ ತಂದಿದೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆ ಇಟ್ಟು, ಬಳಸಿದ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೆ ಕೊಡಬೇಕು. ಆ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಾಗುತ್ತದೆ. ಸಣ್ಣ ಹೋಟೆಲುಗಳೂ ಡಬ್ಬದಲ್ಲಿ ಎಷ್ಟು ಎಣ್ಣೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಬರೆದಿಟ್ಟರೆ, ನಡುವಿನ ವ್ಯತ್ಯಾಸವೇ ಅನೇಕ ವಿಷಯ ತಿಳಿಸುತ್ತದೆ.

ಹೀಗೆ ಬಂದದ್ದಕ್ಕೂ ಹೋದದ್ದಕ್ಕೂ ತಾಳೆ ಹಾಕುವುದನ್ನು ಒಣ ವಸ್ತುಗಳಿಗೂ ಮಾಡಬೇಕು. ಖರೀದಿ ಪುಸ್ತಕದ ಪ್ರಕಾರ ಆ ವಾರ ಎಷ್ಟು ರಟ್ಟಿನ ಪೆಟ್ಟಿಗೆ, ಎಷ್ಟು ಡಬ್ಬ ಒಳಬಂದವೋ, ಗುಜರಿಯ ಚೀಟಿಯಲ್ಲಿ ಅಷ್ಟೇ ಕಾಣುತ್ತಿವೆಯೇ? ಇಲ್ಲವಾದರೆ ಅವು ಮಿಶ್ರ ಕಸದಲ್ಲಿ ಹೋಗುತ್ತಿವೆ, ಇಲ್ಲವೇ ಹಿತ್ತಲಲ್ಲಿ ಸುಡಲ್ಪಡುತ್ತಿವೆ ಎಂದರ್ಥ.

ಅಂಕಿಯಿಂದ ರೂಪಾಯಿಗೆ, ರೂಪಾಯಿಯಿಂದ ಬದಲಾವಣೆಗೆ

ಕಸದ ಬೆಲೆಯೆಂದರೆ ಸಾಗಿಸುವವರಿಗೆ ಕೊಡುವ ಹಣ ಎಂದು ತಿಳಿಯುವುದು ಸಾಮಾನ್ಯ ತಪ್ಪು. ರಾತ್ರಿ 8 ಕಿಲೋ ಕುಚ್ಚಲಕ್ಕಿ ಅನ್ನ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಸುಮಾರು 3 ಕಿಲೋ ಅಕ್ಕಿ ಹೋಗಿರುತ್ತದೆ. ಅಕ್ಕಿ ಕಿಲೋಗೆ 50 ರೂಪಾಯಿ ಎಂದು ಹಿಡಿದರೆ ದಿನಕ್ಕೆ 150 ರೂಪಾಯಿ, 360 ದಿನಕ್ಕೆ 54,000 ರೂಪಾಯಿ. ಗ್ಯಾಸು, ನೀರು, ಕೂಲಿ ಇದರಲ್ಲಿ ಸೇರಿಲ್ಲ. ಪ್ರತಿ ಪಾಲಿಗೂ ಹೀಗೆ ಬೆಲೆ ಕಟ್ಟಿ ಸಾಲಾಗಿ ಬರೆದಾಗ, ತೂಕದಲ್ಲಿ ಮೊದಲಿದ್ದ ತರಕಾರಿ ಸಿಪ್ಪೆ ಬೆಲೆಯಲ್ಲಿ ಕೆಳಗಿಳಿದು, ತೂಕದಲ್ಲಿ ಹಗುರವಾಗಿದ್ದ ಕಾಯಿಚಟ್ನಿ ಮೇಲೇರುವುದನ್ನು ಕಾಣಬಹುದು. ಕೆಲಸ ಆರಂಭಿಸಬೇಕಾದದ್ದು ಈ ಎರಡನೆಯ ಪಟ್ಟಿಯ ಮೇಲ್ತುದಿಯಿಂದ.

ಚಟ್ನಿಯ ವಿಷಯವನ್ನೇ ನೋಡಿ. ನಮ್ಮಲ್ಲಿ ಗಿರಾಕಿ ಕೇಳುವ ಮೊದಲೇ ಎರಡನೆಯ ಬಾರಿ ಚಟ್ನಿ ಹಾಕುವುದು ಸತ್ಕಾರದ ಲಕ್ಷಣ. ಆ ಸತ್ಕಾರವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ; ಸಣ್ಣ ಸೌಟಿನಲ್ಲಿ, ಕೇಳಿ ಹಾಕಬಹುದು. ನಾವು ಸೌಟನ್ನು ಬದಲಿಸಿದಾಗ ಒಬ್ಬ ಗಿರಾಕಿಯೂ ದೂರಲಿಲ್ಲ, ಕೇಳಿದವರಿಗೆ ಮೂರನೆಯ ಬಾರಿಯೂ ಹಾಕಿದೆವು. ಚಟ್ನಿಯನ್ನು ಬೆಳಿಗ್ಗೆ ಒಮ್ಮೆಗೇ ರುಬ್ಬುವ ಬದಲು ಎರಡು ಸಲ ರುಬ್ಬುವುದು, ನಾಳೆಯ ಹಿಟ್ಟಿನ ಪ್ರಮಾಣವನ್ನು ಕಳೆದ ವಾರದ ಅದೇ ದಿನದ ಮಾರಾಟ ನೋಡಿ ನಿರ್ಧರಿಸುವುದು, ಸೆಕೆಯ ತಿಂಗಳುಗಳಲ್ಲಿ ಹಿಟ್ಟನ್ನು ಭಾಗ ಮಾಡಿ ಒಂದು ಭಾಗವನ್ನು ತಂಪಿನಲ್ಲಿ ಇಡುವುದು, ಅರ್ಧ ಊಟಕ್ಕೆ ಪ್ರತ್ಯೇಕ ದರ ಇಡುವುದು, ರಾತ್ರಿ ಒಂಬತ್ತರ ಮೇಲೆ ದೊಡ್ಡ ಪಾತ್ರೆಯಲ್ಲಿ ಅನ್ನ ಇಡದಿರುವುದು ಇವೆಲ್ಲ ಖರ್ಚಿಲ್ಲದ ಮಾರ್ಪಾಡುಗಳು. ಆದರೆ ಒಮ್ಮೆಗೆ ಒಂದನ್ನೇ ಮಾಡಿ ಎರಡು ವಾರ ತೂಗಿ ನೋಡಬೇಕು. ಐದನ್ನೂ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಇಷ್ಟಾದ ಮೇಲೂ ಉಳಿಯುವ ಒಳ್ಳೆಯ ಆಹಾರ ಮನುಷ್ಯರಿಗೆ ಸಲ್ಲಬೇಕು. ಬಡಿಸದೆ ಉಳಿದ, ಬಿಸಿಯಾಗಿಯೇ ಮುಚ್ಚಿಟ್ಟ ಆಹಾರವನ್ನು ಹಂಚುವುದಕ್ಕೆ 2019ರಲ್ಲಿ ಬಂದ ಪ್ರತ್ಯೇಕ ನಿಯಮಾವಳಿಯೇ ಇದೆ. ಎಲೆಯಲ್ಲಿ ಉಳಿದದ್ದನ್ನು ಎಂದೂ ಹೀಗೆ ಕೊಡಬಾರದು. ಅಕ್ಕಚ್ಚು, ತರಕಾರಿ ಸಿಪ್ಪೆಗಳನ್ನು ದನ ಸಾಕುವವರು ಹಿಂದಿನಿಂದಲೂ ಒಯ್ಯುತ್ತಿದ್ದಾರೆ, ಅವರಿಗೆ ಕೊಡುವ ಬಕೆಟ್ಟಿನಲ್ಲಿ ಹಾಲಿನ ತೊಟ್ಟೆಯ ಕತ್ತರಿಸಿದ ಮೂಲೆಯೊಂದೂ ಬೀಳದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಆಮೇಲಿನದು ಬಯೋಗ್ಯಾಸ್: 100 ಕಿಲೋ ಆಹಾರ ತ್ಯಾಜ್ಯದಿಂದ ಸುಮಾರು 4 ಕಿಲೋ ಎಲ್‌ಪಿಜಿಗೆ ಸಮನಾದ ಅನಿಲ ಸಿಗುತ್ತದೆ. ಗೊಬ್ಬರ ಕೊನೆಯದು. ಲೆಕ್ಕ ತೆಗೆಯುವ ಮೊದಲೇ ಗೊಬ್ಬರದ ಯಂತ್ರ ತಂದು ಕೂರಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಅವರು ಒಳ್ಳೆಯ ಅನ್ನವನ್ನು ದುಬಾರಿ ಗೊಬ್ಬರವಾಗಿಸುವ ವ್ಯವಸ್ಥೆಯನ್ನು ಶಾಶ್ವತ ಮಾಡಿಕೊಂಡಿರುತ್ತಾರೆ.

ಒಣ ಕಸದ ವಿಷಯದಲ್ಲಿ ಕುಂದಾಪುರ ಬಳಿಯ ವಂಡ್ಸೆ ಗ್ರಾಮ ಪಂಚಾಯಿತಿಯ ಘಟಕವನ್ನೋ, ಕಾರ್ಕಳ ತಾಲ್ಲೂಕಿನ ನಿಟ್ಟೆಯ ಒಣ ಕಸ ವಿಂಗಡಣಾ ಘಟಕವನ್ನೋ ಒಮ್ಮೆ ನೋಡಿಬರುವುದು ಉಪಯುಕ್ತ. ಸಾಂಬಾರು ಮೆತ್ತಿದ ಪ್ಲಾಸ್ಟಿಕ್ಕಿಗೂ ತೊಳೆದು ಒಣಗಿಸಿದ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸ ಅಲ್ಲಿ ವಿಂಗಡಿಸುವ ಕೈಗಳನ್ನು ನೋಡಿದಾಗ ಅರ್ಥವಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿರುವುದರಿಂದ, ಅವು ತೂಕದ ಬಕೆಟ್ಟಿನಲ್ಲಿ ಕಂಡರೆ ಪಾರ್ಸೆಲ್ ಸಾಮಗ್ರಿ ತರುವವರೊಡನೆ ಆ ದಿನವೇ ಮಾತಾಡಬೇಕು.

ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಗಟು ಉತ್ಪಾದಕರೆಂದು ಗುರುತಿಸಿದವು. ತಾನು ಆ ಗೆರೆಯ ಯಾವ ಕಡೆ ಇದ್ದೇನೆ ಎಂದು ಹೇಳಲು ಹೋಟೆಲಿನವರ ಬಳಿ ತೂಕದ ಪುಸ್ತಕವಿಲ್ಲದೆ ಬೇರೆ ಆಧಾರವಿಲ್ಲ.

ಹೋಟೆಲಲ್ಲದ ವ್ಯಾಪಾರಗಳಿಗೂ ಕ್ರಮ ಇದೇ. ಬಟ್ಟೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಮತ್ತು ರಟ್ಟು, ಕಚೇರಿಯಲ್ಲಿ ಕಾಗದ ಮತ್ತು ಚಹಾದ ಲೋಟ ಬಹುಪಾಲು ಇರುತ್ತವೆ, ಎರಡು ದಿನದ ತೂಕವೇ ಸಾಕು. ಮೀನಿನ ವ್ಯಾಪಾರದವರು ಮಾತ್ರ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳನ್ನು ಬಿಟ್ಟು ತೂಗಬೇಕು.

ಮೊದಲ ಲೆಕ್ಕ ಮುಗಿದ ಮೇಲೆ ಬಕೆಟ್ಟುಗಳನ್ನು ತೆಗೆದುಹಾಕದೆ, ಮೂರು ಮತ್ತು ನಾಲ್ಕನೆಯ ಪಾಲನ್ನು ಮಾತ್ರ ದಿನವೂ ತೂಗುತ್ತಿರಬೇಕು. ಹೊತ್ತಿಗೆ ಐದು ನಿಮಿಷ ಸಾಕು. ಊಟವೊಂದಕ್ಕೆ ಎಷ್ಟು ಗ್ರಾಂ ಎಂಬ ಅಂಕಿಯನ್ನು ಅಡುಗೆಮನೆಯ ಗೋಡೆಯ ಹಲಗೆಯ ಮೇಲೆ, ನಿನ್ನೆಯದರ ಪಕ್ಕದಲ್ಲಿ, ರಾತ್ರಿ ಬಾಗಿಲು ಹಾಕುವವರೇ ಬರೆಯಲಿ. ಉಳಿದ ಎಲ್ಲ ಪಾಲುಗಳ ಪೂರ್ಣ ತೂಕವನ್ನು ಆಟಿಯಲ್ಲೊಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ತೆಗೆಯುವ ವಾರಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.